ತೆರಿಗೆ ರಸೀದಿಯಲ್ಲಿ ಎರಡು ರೂಪಾಯಿ, ವಿಜಯಪುರದ ಓಣಿಗಳಲ್ಲಿ ಸೈಕಲ್ ದಾರಿ

ಏಪ್ರಿಲ್ ತಿಂಗಳೊಳಗೆ ಆಸ್ತಿ ತೆರಿಗೆ ಕಟ್ಟಿದರೆ ಶೇ 5ರ ರಿಯಾಯಿತಿ ಸಿಗುತ್ತದೆ. ಹೀಗಾಗಿ ವಿಜಯಪುರದಲ್ಲಿ ಬಿಸಿಲು ನೆತ್ತಿ ಸುಡುವ ದಿನಗಳಲ್ಲೇ ಮನೆ ಮನೆಗೆ ತೆರಿಗೆ ರಸೀದಿ ಬರುತ್ತದೆ. ಒಟ್ಟು ಮೊತ್ತ ನೋಡಿ, ಮಡಚಿ ಕಪಾಟಿನಲ್ಲಿ ಇಟ್ಟುಬಿಡುತ್ತೇವೆ. ನಾನೂ ಬಹಳ ವರ್ಷ ಹಾಗೆಯೇ ಇಟ್ಟವನು. ಈ ಸಲ ಮಾತ್ರ ಸಾಲು ಸಾಲಾಗಿ ಓದಿದೆ. ಆರೋಗ್ಯ ಉಪಕರ, ಗ್ರಂಥಾಲಯ ಉಪಕರ, ಭಿಕ್ಷುಕರ ಉಪಕರಗಳ ಜತೆಗೆ ನಗರ ಸಾರಿಗೆ ಉಪಕರ ಎಂಬುದೊಂದಿದೆ. ಅದು ತೆರಿಗೆಯ ಶೇ 2ರಷ್ಟು. ಐದು ಸಾವಿರ ರೂಪಾಯಿ ತೆರಿಗೆ ಕಟ್ಟುವ ಮನೆಯಿಂದ ನೂರು ರೂಪಾಯಿ.

ಆ ನೂರು ರೂಪಾಯಿ ಪಾಲಿಕೆಯಲ್ಲಿ ಉಳಿಯುವುದಿಲ್ಲ. ರಾಜ್ಯ ನಗರ ಸಾರಿಗೆ ನಿಧಿಗೆ ಸೇರುತ್ತದೆ. ಆ ನಿಧಿಯನ್ನು ನೋಡಿಕೊಳ್ಳುವುದು ಬೆಂಗಳೂರಿನಲ್ಲಿರುವ ನಗರ ಭೂಸಾರಿಗೆ ನಿರ್ದೇಶನಾಲಯ. ಬಸ್ ವ್ಯವಸ್ಥೆ, ಪಾದಚಾರಿ ಮಾರ್ಗ, ಸೈಕಲ್ ಪಥ ಇಂಥ ಕೆಲಸಗಳಿಗೆ ಯೋಜನೆ ಸಿದ್ಧಪಡಿಸಿ ಕೇಳಿದ ನಗರಗಳಿಗೆ ಅಲ್ಲಿಂದ ನೆರವು ಬರುತ್ತದೆ. ಕೇಳಬೇಕಾದರೆ ಊರಿನ ಕೈಯಲ್ಲಿ ಯೋಜನೆ ಇರಬೇಕು. ಯೋಜನೆ ಮಾಡಬೇಕಾದರೆ ಊರಿನ ಬಜೆಟ್‌ನಲ್ಲಿ ನಡೆಯುವವರ, ಸೈಕಲ್ ತುಳಿಯುವವರ ಹೆಸರಿನಲ್ಲಿ ಒಂದು ಸಾಲಾದರೂ ಇರಬೇಕು. ಸಾಮಾನ್ಯವಾಗಿ ನಮ್ಮ ಪಾಲಿಕೆ, ನಗರಸಭೆಗಳ ಬಜೆಟ್ ಪುಸ್ತಕದಲ್ಲಿ ಪಾದಚಾರಿ ಮಾರ್ಗ ಎಂಬ ಪದ ರಸ್ತೆ, ಚರಂಡಿಗಳ ಬಾಲಕ್ಕೆ ಅಂಟಿಕೊಂಡು ಬರುತ್ತದೆ. ಸೈಕಲ್ ಎಂಬ ಪದ ಕಣ್ಣಿಗೆ ಬೀಳುವುದೇ ಅಪರೂಪ. ಪಾಲಿಕೆಯಲ್ಲಿ ದುಡ್ಡು ಕಡಿಮೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಸುರಕ್ಷಿತ ಬೀದಿ ಆಗದಿರುವುದಕ್ಕೆ ದುಡ್ಡಿನ ಕೊರತೆಗಿಂತ ಈ ಸಾಲಿನ ಕೊರತೆಯೇ ದೊಡ್ಡ ಕಾರಣ ಎಂದು ನನಗೆ ಅನ್ನಿಸುತ್ತದೆ.

ವಿಜಯಪುರಕ್ಕೆ ಸೈಕಲ್ ಹೊರಗಿನಿಂದ ತಂದು ಪರಿಚಯಿಸಬೇಕಾದ ವಸ್ತುವೇನಲ್ಲ. ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದ ಎಷ್ಟೋ ಸೈಕ್ಲಿಸ್ಟ್‌ಗಳು ಈ ಜಿಲ್ಲೆಯ, ಪಕ್ಕದ ಬಾಗಲಕೋಟೆಯ ರೈತರ, ಕೂಲಿಕಾರರ ಮಕ್ಕಳು. ಇಲ್ಲಿ ಸೈಕ್ಲಿಂಗ್ ಕ್ರೀಡಾನಿಲಯವಿದೆ. ಭೂತನಾಳದ ಬಳಿಯ ವೆಲೊಡ್ರೋಮ್, ಅಂದರೆ ಸೈಕಲ್ ಓಟದ ಅಂಕಣದ ಕೆಲಸ ವರ್ಷಗಟ್ಟಲೆ ಎಳೆಯುತ್ತಿದ್ದಾಗ ಆ ಮಕ್ಕಳು ಲಾರಿಗಳ ನಡುವೆ ಹೆದ್ದಾರಿಯ ಅಂಚಿನಲ್ಲಿ ಅಭ್ಯಾಸ ಮಾಡಿದರು. ಬೆಳಗಿನ ಜಾವ ಸೋಲಾಪುರ ರಸ್ತೆಯಲ್ಲಿ ಹೋಗಿಬಂದವರೆಲ್ಲ ಅವರನ್ನು ಕಂಡಿರುತ್ತಾರೆ. ಊರೊಳಗೆ ಸೈಕಲ್ ತುಳಿಯುವವರು ಬೇರೆಯೇ ಜನ. ಹಾಲಿನ ಕ್ಯಾನು ಕಟ್ಟಿಕೊಂಡವರು, ಎಲ್‌ಬಿಎಸ್ ಮಾರುಕಟ್ಟೆಯ ಹಮಾಲರು, ಗೌಂಡಿ ಕೆಲಸಕ್ಕೆ ಹೋಗುವವರು, ನಿವೃತ್ತರಾದ ಮಾಸ್ತರರು, ಶಾಲೆಯ ಮಕ್ಕಳು. ಪಾಲಿಕೆಯ ಸಭೆಗೆ ಬಂದು ಮನವಿ ಕೊಡುವಷ್ಟು ಬಿಡುವು ಇವರಲ್ಲಿ ಬಹುತೇಕರಿಗೆ ಇಲ್ಲ. ಸೈಕಲ್ ಯಾರು ಹೊಡೆಯುತ್ತಾರೆ ಈಗ ಎಂದು ಕೇಳುವವರು ಇವರನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. 2011ರ ಜನಗಣತಿಯು ಕೃಷಿಯೇತರ ದುಡಿಮೆಗಾರರು ಕೆಲಸಕ್ಕೆ ಹೇಗೆ ಹೋಗುತ್ತಾರೆ ಎಂದು ಮೊದಲ ಬಾರಿಗೆ ಕೇಳಿತು. ಆಗ ದೇಶದಲ್ಲಿ ಸೈಕಲ್ ಎಂದವರು ಸುಮಾರು ಶೇ 13, ನಡೆದು ಎಂದವರು ಶೇ 22ಕ್ಕೂ ಹೆಚ್ಚು. ಮೋಟಾರ್ ಸೈಕಲ್ಲಿನವರ ಪ್ರಮಾಣ ಸೈಕಲ್ಲಿನವರಿಗಿಂತ ತುಸು ಕಡಿಮೆಯೇ ಇತ್ತು. ಆಮೇಲೆ ಬೈಕುಗಳು ಹೆಚ್ಚಿವೆ, ನಿಜ. ಹಾಗೆಂದು ನಡೆಯುವವರು ಮಾಯವಾಗಿಲ್ಲ.

ಸರ್ಕಾರಕ್ಕೂ ಸೈಕಲ್ಲಿನ ಬೆಲೆ ಗೊತ್ತಿತ್ತು. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಅದು ಕೋವಿಡ್ ಬಂದ ಮೇಲೆ ನಿಂತಿತು. ಅಷ್ಟು ವರ್ಷಗಳಲ್ಲಿ ಲಕ್ಷಾಂತರ ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸಲು ಆ ಸೈಕಲ್ ಆಸರೆಯಾಯಿತು. ಸೈಕಲ್ ಕೊಳ್ಳುವುದು ಶಿಕ್ಷಣ ಇಲಾಖೆಯ ಖರ್ಚು, ಅದು ಓಡಾಡುವ ಬೀದಿ ನಗರಾಡಳಿತದ ಖರ್ಚು. ಮೊದಲನೆಯದಕ್ಕೆ ಬಜೆಟ್ ಭಾಷಣದಲ್ಲಿ ಹೆಸರಿತ್ತು. ಎರಡನೆಯದನ್ನು ಯಾರೂ ಹೆಸರಿಸಲಿಲ್ಲ. ಶಕ್ತಿ ಯೋಜನೆಯನ್ನೂ ಹೀಗೆಯೇ ನೋಡಬಹುದು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಯಿತು. ಬಸ್ ಹತ್ತುವ ಮುಂಚೆ ಮನೆಯಿಂದ ನಿಲ್ದಾಣದವರೆಗೆ, ಇಳಿದ ಮೇಲೆ ಕೆಲಸದ ಜಾಗದವರೆಗೆ ಅವರು ನಡೆಯಲೇಬೇಕು. ಆ ನಡಿಗೆಗೆ ಯಾವ ಯೋಜನೆಯೂ ಇಲ್ಲ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಕರ್ನಾಟಕದಲ್ಲಿ ಆ ವರ್ಷ ಸತ್ತವರು 11,702. ಇಂಥ ಸಾವು ತಡೆಯಲು ನಮ್ಮಲ್ಲಿ ಇರುವ ಮುಖ್ಯ ಸಲಕರಣೆ ಕಪ್ಪುಚುಕ್ಕೆ, ಅಂದರೆ ಬ್ಲ್ಯಾಕ್ ಸ್ಪಾಟ್ ಪಟ್ಟಿ. ಸುಮಾರು 500 ಮೀಟರ್ ಉದ್ದದ ರಸ್ತೆಯಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯವಾದ ಐದು ಅಪಘಾತ ಆಗಿರಬೇಕು, ಇಲ್ಲವೆ ಹತ್ತು ಸಾವು ಆಗಿರಬೇಕು. ಆಗ ಆ ಜಾಗ ಪಟ್ಟಿಗೆ ಸೇರುತ್ತದೆ, ದುರಸ್ತಿಗೆ ದುಡ್ಡು ಬರುತ್ತದೆ. ಈ ಅಳತೆ ಹೆದ್ದಾರಿಗಾಗಿ ಮಾಡಿದ್ದು. ಶಾಲೆಯ ಮುಂದೆ ಒಂದು ಮಗು, ಇನ್ನೊಂದು ತಿರುವಿನಲ್ಲಿ ಒಬ್ಬ ಅಜ್ಜ, ಮಾರುಕಟ್ಟೆಯ ಹಿಂದೆ ಒಬ್ಬ ತರಕಾರಿ ಮಾರುವಾಕೆ ಹೀಗೆ ಹಂಚಿಹೋದ ಊರೊಳಗಿನ ಸಾವುಗಳು ಯಾವ ಪಟ್ಟಿಗೂ ಸೇರುವುದಿಲ್ಲ. ಈಗ ಪೊಲೀಸರು ಅಪಘಾತದ ಜಾಗವನ್ನು ಐರಾಡ್ ಎಂಬ ರಸ್ತೆ ಅಪಘಾತಗಳ ದತ್ತಾಂಶದಲ್ಲಿ ನಕ್ಷೆಯ ಮೇಲೆಯೇ ಗುರುತಿಸುತ್ತಾರೆ. ಆ ಚುಕ್ಕೆಗಳನ್ನು ವಾರ್ಡುವಾರು ಒಮ್ಮೆ ಪಾಲಿಕೆಯ ಎಂಜಿನಿಯರುಗಳ ಮೇಜಿನ ಮೇಲೆ ಹರಡಿದರೆ ಎಲ್ಲಿಂದ ಕೆಲಸ ಶುರು ಮಾಡಬೇಕು ಎಂಬ ವಾದವೇ ಉಳಿಯುವುದಿಲ್ಲ.

ಇನ್ನು ದುಡ್ಡಿನ ಮಾತು. ಪಾಲಿಕೆಗೆ ರಸ್ತೆಯ ಹಣ ನಾಲ್ಕೈದು ಕಡೆಯಿಂದ ಬರುತ್ತದೆ, ಪ್ರತಿಯೊಂದಕ್ಕೂ ಅದರದೇ ಷರತ್ತು. ಆಸ್ತಿ ತೆರಿಗೆ, ಕಟ್ಟಡ ಪರವಾನಗಿ, ಮಳಿಗೆ ಬಾಡಿಗೆಗಳಿಂದ ಬರುವುದು ಸ್ವಂತ ಸಂಪನ್ಮೂಲ. ಇದರಲ್ಲಿ ನೀರು, ಕಸ, ಬೀದಿದೀಪದ ಖರ್ಚು ಕಳೆದರೆ ಉಳಿಯುವುದು ಅಲ್ಪ. ರಾಜ್ಯ ಹಣಕಾಸು ಆಯೋಗದ ಅನುದಾನ ಎರಡನೆಯದು. ಮೂರನೆಯದು ಕೇಂದ್ರ ಹಣಕಾಸು ಆಯೋಗದ್ದು. 15ನೇ ಆಯೋಗವು ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿತ್ತು. ಆ ಎರಡೂ ಅಷ್ಟೇ ಅಗತ್ಯ, ಅದರ ಬಗ್ಗೆ ನನ್ನ ತಕರಾರಿಲ್ಲ. ಬೇರೆ ಸ್ಥಳೀಯ ಅಗತ್ಯಗಳಿಗೆ ಉಳಿದದ್ದು ಶೇ 40. ನಾಲ್ಕನೆಯದು ನಗರೋತ್ಥಾನದಂಥ ರಾಜ್ಯದ ವಿಶೇಷ ಯೋಜನೆ. ಇದಲ್ಲದೆ ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂಪಾಯಿಯ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಇದೆ.

ಈ ಹಣ ಬೀದಿಗೆ ಇಳಿಯುವುದು ಕ್ರಿಯಾಯೋಜನೆಯ ಮೂಲಕ. ವಿಜಯಪುರದ 35 ವಾರ್ಡುಗಳ ಸದಸ್ಯರು ತಮ್ಮ ವಾರ್ಡಿಗೆ ಏನು ಬೇಕು ಎಂದು ಹೇಳುತ್ತಾರೆ. ಬಹುತೇಕರು ಹೇಳುವುದು ಸಿ.ಸಿ. ರಸ್ತೆ ಮತ್ತು ಗಟಾರ. ಅದರಲ್ಲಿ ಅವರ ತಪ್ಪು ಹುಡುಕುವುದು ಸುಲಭ, ನಾನು ಹುಡುಕುವುದಿಲ್ಲ. ಮಳೆ ಬಂದರೆ ಓಣಿಯ ತಾಯಂದಿರು ಅವರನ್ನು ಹಿಡಿದು ಕೇಳುವುದೂ ಅದನ್ನೇ. ಎಂಜಿನಿಯರು ದರಪಟ್ಟಿ ನೋಡಿ ಅಂದಾಜುಪಟ್ಟಿ ಮಾಡುತ್ತಾರೆ. ಕಾಂಕ್ರೀಟಿನ ಉದ್ದ, ಅಗಲ, ದಪ್ಪ, ಗಟಾರದ ಆಳ ಇವಿಷ್ಟು ಅದರಲ್ಲಿ ಕೂರುತ್ತವೆ. ಆ ಬೀದಿಯಲ್ಲಿ ವಾಹನ ಎಷ್ಟು ವೇಗದಲ್ಲಿ ಹೋಗಬೇಕು, ಮುದುಕಿಯೊಬ್ಬಳು ಎಲ್ಲಿ ದಾಟಬೇಕು ಎಂಬುದಕ್ಕೆ ಅಂದಾಜುಪಟ್ಟಿಯಲ್ಲಿ ಕಲಮೇ ಇಲ್ಲ. ಹೀಗಾಗಿ ಹೊಸ ಕಾಂಕ್ರೀಟ್ ಬಿದ್ದ ಓಣಿಯಲ್ಲಿ ಬೈಕುಗಳ ವೇಗ ಹೆಚ್ಚುತ್ತದೆ. ಮೂರು ತಿಂಗಳಲ್ಲಿ ಓಣಿಯವರೇ ಕಲ್ಲು, ಸಿಮೆಂಟು ತಂದು ರಾತ್ರೋರಾತ್ರಿ ಉಬ್ಬು ಹಾಕುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾನದಂಡದ ಉಬ್ಬು 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ. ತಾಸಿಗೆ 25 ಕಿಲೋಮೀಟರ್ ವೇಗದಲ್ಲಿ ಕುಲುಕದೆ ದಾಟಬಹುದು. ಓಣಿಯವರು ಹಾಕುವುದು ಗೇಣಗಲದ ದಿಂಡು, ಅದು ಸೈಕಲ್ ತುಳಿಯುವವನ ಬೆನ್ನು ಮುರಿಯುತ್ತದೆ. ಸರಿಯಾದ ಉಬ್ಬನ್ನು ಕಾಂಕ್ರೀಟ್ ಹಾಕುವ ದಿನವೇ ಹಾಕಿದ್ದರೆ ಬೀಳುತ್ತಿದ್ದ ಹೆಚ್ಚುವರಿ ಖರ್ಚು ಇಡೀ ಕಾಮಗಾರಿಯ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

ಫುಟ್‌ಪಾತ್‌ನ ಕಥೆ ಇನ್ನೂ ಬೇಸರದ್ದು. ನಮ್ಮ ಊರುಗಳಲ್ಲಿ ಫುಟ್‌ಪಾತ್ ಎಂದು ಕರೆಯುವುದರಲ್ಲಿ ಬಹುಭಾಗ ಗಟಾರದ ಮುಚ್ಚಳ. ಅದನ್ನು ಕಟ್ಟುವುದು ಚರಂಡಿಯ ಲೆಕ್ಕದಲ್ಲಿ, ಅಗಲ ನಿರ್ಧಾರವಾಗುವುದು ಹರಿಯುವ ನೀರಿನಿಂದ. ಹೂಳೆತ್ತಲು ಒಂದು ಚಪ್ಪಡಿ ತೆಗೆದರೆ ಅದು ಮತ್ತೆ ಅದೇ ಜಾಗಕ್ಕೆ ಬರುವವರೆಗೆ ಅಲ್ಲೊಂದು ಬಾಯಿ ತೆರೆದುಕೊಂಡೇ ಇರುತ್ತದೆ. ಮಾನದಂಡದ ಪ್ರಕಾರ ಅಡ್ಡಿಯಿಲ್ಲದ ನಡಿಗೆ ಜಾಗ ಕನಿಷ್ಠ 1.8 ಮೀಟರ್ ಇರಬೇಕು. ಎರಡು ಗಾಲಿಕುರ್ಚಿಗಳು ಎದುರುಬದುರು ದಾಟುವಷ್ಟು ಅಗಲ ಅದು. ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಅಡಕವಾಗಿದೆ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕಿಂತ ಮೊದಲೇ, 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಕಲಂ 198ಎ ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆ ಮಾನದಂಡ ತಪ್ಪಿ ಸಾವುನೋವಾದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಕೊಟ್ಟಿದೆ. ಕಾನೂನು ಇಷ್ಟು ಮುಂದೆ ಬಂದಿರುವಾಗ ಅಂದಾಜುಪಟ್ಟಿ ಹಳೆಯ ಜಾಗದಲ್ಲೇ ನಿಲ್ಲಬಾರದು.

ಇಲ್ಲೇ ಒಂದು ದಾರಿ ಕಾಣುತ್ತದೆ. ಸ್ಥಳೀಯ ಸಂಸ್ಥೆಗಳು ತಮ್ಮ ಅನುದಾನದಲ್ಲಿ ಶೇ 24.10ನ್ನು ಪರಿಶಿಷ್ಟ ಜಾತಿ, ಪಂಗಡಗಳಿಗೆ, ಶೇ 7.25ನ್ನು ಇತರ ಬಡವರಿಗೆ, ಶೇ 5ನ್ನು ಅಂಗವಿಕಲರಿಗೆ ಮೀಸಲಿಡುತ್ತವೆ. ಯಾವುದೇ ಬಜೆಟ್ ಸಭೆಯಲ್ಲಿ ಈ ಮೂರು ಅಂಕಿ ಬಾಯಿಪಾಠದಂತೆ ಕೇಳಿಬರುತ್ತವೆ. ಮೀಸಲು ಎಂದು ಬರೆದುದರಿಂದಲೇ ಅಷ್ಟು ಹಣ ಆಯಾ ಜನರಿಗೆ ಮುಟ್ಟಬೇಕೆಂದು ಕೇಳಲು ಸಾಧ್ಯವಾಯಿತು. ಹಾಗೆಯೇ, ರಸ್ತೆಗೆ ಎತ್ತಿಡುವ ಹಣದಲ್ಲಿ ಇಷ್ಟು ಪಾಲು ನಡೆಯುವವರಿಗೆ, ಸೈಕಲ್ಲಿನವರಿಗೆ ಎಂದು ಪಾಲಿಕೆಯ ಸಾಮಾನ್ಯ ಸಭೆ ಠರಾವು ಮಾಡಬಹುದು. ಚೆನ್ನೈ ಪಾಲಿಕೆ 2014ರಲ್ಲಿ ಇಂಥದ್ದೊಂದು ನೀತಿ ಒಪ್ಪಿಕೊಂಡಿತು. ಸಾರಿಗೆ ವೆಚ್ಚದ ಕನಿಷ್ಠ ಶೇ 60 ನಡಿಗೆ ಮತ್ತು ಸೈಕಲ್ ಸೌಕರ್ಯಕ್ಕೆ ಎಂದು ಅದರಲ್ಲಿ ಬರೆದುಕೊಂಡಿತು. ವಿಜಯಪುರ ಶೇ 10ರಿಂದ ಶುರು ಮಾಡಿದರೂ ಸಾಕು. ಅಮೆರಿಕದ ಸಿಯಾಟಲ್‌ನಲ್ಲಿ ಇದು ಮತಪೆಟ್ಟಿಗೆಯವರೆಗೆ ಹೋಗುತ್ತದೆ. 2015ರಲ್ಲಿ ಅಲ್ಲಿಯ ಮತದಾರರು ಒಂಬತ್ತು ವರ್ಷಕ್ಕೆ 93 ಕೋಟಿ ಡಾಲರ್, 2024ರಲ್ಲಿ ಎಂಟು ವರ್ಷಕ್ಕೆ 155 ಕೋಟಿ ಡಾಲರ್ ಆಸ್ತಿ ತೆರಿಗೆಯನ್ನು ಬೀದಿ, ಸೇತುವೆ, ಫುಟ್‌ಪಾತ್, ಸೈಕಲ್ ದಾರಿಗಳಿಗಾಗಿ ಒಪ್ಪಿಕೊಂಡರು. ಅಷ್ಟು ಸಿರಿವಂತ ಊರಿನ ಅಂಕಿ ನಮಗೆ ಅಳತೆಗೋಲಲ್ಲ. ತಾವು ಯಾವುದಕ್ಕೆ ತೆರಿಗೆ ಕೊಡುತ್ತಿದ್ದೇವೆ ಎಂಬುದು ಅಲ್ಲಿಯ ಮನೆಯೊಡೆಯನಿಗೆ ಗೊತ್ತಿರುತ್ತದೆ. ನಮ್ಮ ಶೇ 2ರ ಉಪಕರದ ವಿಷಯದಲ್ಲಿ ನನಗೆ ಬೇಕಾದದ್ದೂ ಅದೇ.

ದೊಡ್ಡ ಮೊತ್ತವೊಂದೇ ಸಾಲದು ಎನ್ನಲು ಬೆಳಗಾವಿಯನ್ನು ನೋಡಬೇಕು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲಿ ದಾವಣಗೆರೆಯ ಜತೆ ಬೆಳಗಾವಿಯೂ ಇತ್ತು. ವಿಜಯಪುರಕ್ಕೆ, ಬಾಗಲಕೋಟೆಗೆ ಆ ಅದೃಷ್ಟ ಬರಲಿಲ್ಲ. ಒಂದೊಂದು ಊರಿಗೆ ಕೇಂದ್ರದಿಂದ 500 ಕೋಟಿ ರೂಪಾಯಿವರೆಗೆ, ರಾಜ್ಯದಿಂದ ಅಷ್ಟೇ ಪಾಲು. ಬೆಳಗಾವಿಯ ಕೆಲವು ರಸ್ತೆಗಳಿಗೆ ಅಗಲ ಫುಟ್‌ಪಾತ್ ಬಂತು, ಸೈಕಲ್ ಪಥವೂ ಬಂತು. ಆದರೆ ಆ ರಸ್ತೆ ಮುಗಿದಲ್ಲಿ ಪಥವೂ ಮುಗಿಯಿತು. ಮನೆಯಿಂದ ಶಾಲೆಯವರೆಗೆ ಹೋಗುವ ಹುಡುಗಿಗೆ ನಡುವಿನ ಅರ್ಧ ಕಿಲೋಮೀಟರ್ ಮಾತ್ರ ಸುರಕ್ಷಿತವಾಗಿದ್ದರೆ ಅವಳ ಅಪ್ಪ ಸೈಕಲ್ ಕೊಡಿಸುವುದಿಲ್ಲ. ಪಥದ ಮೇಲೆ ವಾಹನ ನಿಲ್ಲಿಸಿದರೆ ತೆಗೆಸುವವರು ಬೇಕು, ಬಣ್ಣ ಮಾಸಿದರೆ ಬಳಿಯುವವರು ಬೇಕು. ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು. ಇನ್ನು ಆ ಹೊರೆ ಸ್ಥಳೀಯ ಸಂಸ್ಥೆಯದು. ಕಟ್ಟುವುದಕ್ಕೆ ಹೊರಗಿನ ಹಣ ಬಂದರೂ ಕಾಪಾಡುವುದಕ್ಕೆ ಊರಿನ ಬಜೆಟ್ಟೇ ಗತಿ.

ಆದ್ದರಿಂದ ನಾನು ವಿಜಯಪುರಕ್ಕೆ ಕೇಳುವುದು ದೊಡ್ಡ ರಸ್ತೆಯ ಪಕ್ಕದ ಹಸಿರು ಬಣ್ಣದ ಸೈಕಲ್ ಪಟ್ಟಿಯನ್ನಲ್ಲ. ಎಂ.ಜಿ. ರಸ್ತೆಯಲ್ಲಿ ಗಾಂಧಿ ಚೌಕದ ಸುತ್ತ ಅದಕ್ಕೆ ಜಾಗವೂ ಇಲ್ಲ. ಕೇಳುವುದು ಓಣಿಯಿಂದ ಓಣಿಗೆ ಹೊಲಿದ ದಾರಿಯನ್ನು. ಅಮೆರಿಕದ ಪೋರ್ಟ್‌ಲ್ಯಾಂಡ್, ಸಿಯಾಟಲ್‌ಗಳಲ್ಲಿ ನೆರೆಹೊರೆಯ ಸೈಕಲ್ ದಾರಿ ಎಂದರೆ ಇದೇ. ವಾಹನ ಕಡಿಮೆ ಇರುವ ಒಳಬೀದಿಗಳನ್ನು ಆರಿಸುವುದು, ಅಲ್ಲಿ ವೇಗ ತಗ್ಗಿಸುವುದು, ಫಲಕ ಹಾಕುವುದು, ಆ ಬೀದಿ ದೊಡ್ಡ ರಸ್ತೆಯನ್ನು ಅಡ್ಡ ದಾಟುವ ಜಾಗವನ್ನು ಚೆನ್ನಾಗಿ ಕಟ್ಟುವುದು. ಹಣದಲ್ಲಿ ಹೆಚ್ಚು ಪಾಲು ಹೋಗಬೇಕಾದದ್ದು ಆ ದಾಟುವ ಜಾಗಕ್ಕೆ.

ಇದಕ್ಕೆ ವಿಜಯಪುರದಷ್ಟು ಒಗ್ಗುವ ಊರು ನಮ್ಮ ಭಾಗದಲ್ಲಿ ಇನ್ನೊಂದಿಲ್ಲ. ನೆಲ ಹೆಚ್ಚುಕಡಿಮೆ ಮಟ್ಟಸ. ಆದಿಲಶಾಹಿಗಳು ಕಟ್ಟಿಸಿದ ಕೋಟೆ ಗೋಡೆಯ ಸುತ್ತಳತೆ ಸುಮಾರು 10 ಕಿಲೋಮೀಟರ್. ಒಳಗಿನ ಹಳೆಯ ಊರನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ದಾಟಿದರೆ ಮೂರು ಕಿಲೋಮೀಟರಿನ ಆಸುಪಾಸು. ಅವಸರವಿಲ್ಲದೆ ತಾಸಿಗೆ 12 ಕಿಲೋಮೀಟರ್ ವೇಗದಲ್ಲಿ ತುಳಿದರೂ ಕಾಲು ತಾಸಿನ ದಾರಿ. ಆ ಓಣಿಗಳು ನಡೆಯುವವರಿಗಾಗಿ, ಎತ್ತಿನ ಬಂಡಿ, ಕುದುರೆಗಳಿಗಾಗಿ ಆದವು. ಟಾಂಗಾಗಳು ಇವತ್ತಿಗೂ ಈ ಊರಲ್ಲಿ ಉಳಿದಿರುವುದು ಸುಮ್ಮನೆ ಅಲ್ಲ. ಗೋಳಗುಮ್ಮಟದ ಕಡೆಯಿಂದ ಜುಮ್ಮಾ ಮಸೀದಿಯ ಬಳಿಯ ಒಳದಾರಿಗಳನ್ನು ಹಿಡಿದು ಒಳಕೋಟೆಯಾದ ಅರಕಿಲ್ಲೆಯ ಕಡೆಗೆ, ಅಲ್ಲಿಂದ ಬಸ್ ನಿಲ್ದಾಣದ ಕಡೆಗೆ ಎಂ.ಜಿ. ರಸ್ತೆಯ ಗದ್ದಲ ತಪ್ಪಿಸಿಯೇ ಹೋಗಬಹುದು. ಅದನ್ನು ಮಕ್ಕಾ ದರವಾಜೆ ದಾಟಿಸಿ ಇಬ್ರಾಹಿಂ ರೋಜಾದವರೆಗೆ ಎಳೆದರೆ ಊರಿನ ಮಕ್ಕಳಿಗೂ ಪ್ರವಾಸಿಗರಿಗೂ ಒಂದೇ ದಾರಿ. ಅಗಸಿಗಳೇ, ಅಂದರೆ ಕೋಟೆಯ ಬಾಗಿಲುಗಳೇ ಇದರ ಗಂಟುಗಳು. ಒಳಗಿನ ಓಣಿಗಳು ಅಗಸಿಯಲ್ಲಿ ಸೇರಿ ಹೊರಗಿನ ಬಡಾವಣೆಗಳಿಗೆ ಹಂಚಿಹೋಗುತ್ತವೆ. ಬೈಕು, ಟಂಟಂ, ಲಾರಿ, ಸೈಕಲ್ ಎಲ್ಲ ಒಂದೇ ಕಡೆ ನುಗ್ಗುವುದೂ ಅಲ್ಲೇ. ನಾಲ್ಕು ಅಗಸಿಗಳನ್ನು ಸರಿಪಡಿಸಿದರೆ ಅರ್ಧ ಕೆಲಸ ಆದಂತೆ.

ವೇಗದ ವಿಷಯದಲ್ಲಿ ಒಂದು ಲೆಕ್ಕ ಹೇಳುತ್ತೇನೆ. ಎದುರಿಗೆ ಮಗು ಬಂದದ್ದು ಕಂಡು ಬ್ರೇಕಿನ ಮೇಲೆ ಕಾಲು ಹೋಗಲು ಒಂದು ಸೆಕೆಂಡ್ ಹಿಡಿಯಿತು ಎನ್ನೋಣ. ತಾಸಿಗೆ 30 ಕಿಲೋಮೀಟರ್ ವೇಗದ ವಾಹನ ಅಷ್ಟರಲ್ಲಿ 8 ಮೀಟರಿನಷ್ಟು ಮುಂದೆ ಬಂದಿರುತ್ತದೆ. 50 ಕಿಲೋಮೀಟರ್ ವೇಗದ್ದು 14 ಮೀಟರ್ ಬಂದಿರುತ್ತದೆ. ಗುದ್ದಿದರೆ ಎರಡನೆಯದರ ಪೆಟ್ಟಿನ ಶಕ್ತಿ ಮೊದಲನೆಯದರ ಸುಮಾರು 2.8 ಪಟ್ಟು. ಓಣಿಯ ದಾರಿಯಲ್ಲಿ ವೇಗದ ಮಿತಿ 30 ಎಂದು ಗೊತ್ತುಪಡಿಸಲು ಮೋಟಾರು ವಾಹನ ಕಾಯ್ದೆಯಡಿ ಅಧಿಸೂಚನೆ ಸಾಕು, ಕೋಟಿ ರೂಪಾಯಿ ಬೇಕಿಲ್ಲ. ಫಲಕ ಒಂದನ್ನೇ ನಂಬಲಾಗದು, ನಿಜ. ಮಾನದಂಡದ ಉಬ್ಬು, ತಿರುವಿನಲ್ಲಿ ಕಿರಿದಾದ ಬಾಯಿ, ಶಾಲೆಯ ಮುಂದೆ ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿದ ದಾಟುಪಟ್ಟಿ ಜತೆಗಿರಬೇಕು.

ಸ್ಮಾರಕಗಳ ಊರಿನಲ್ಲಿ ಅಗೆಯುವುದಕ್ಕೂ ಕಟ್ಟುವುದಕ್ಕೂ ಅಡ್ಡಿಗಳಿವೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಹೊಸ ನಿರ್ಮಾಣಕ್ಕೆ ನಿಷೇಧಿತ ಪ್ರದೇಶ, ಅಲ್ಲಿಂದ ಮುಂದಿನ 200 ಮೀಟರ್ ನಿಯಂತ್ರಿತ. ದೊಡ್ಡ ಕಾಮಗಾರಿಗಳು ಅನುಮತಿಗಾಗಿ ಕಾದು ಕೂರುವ ಊರಿನಲ್ಲಿ ಬಣ್ಣ, ಫಲಕ, ವೇಗ ಮಿತಿಯಿಂದ ಆಗುವ ಕೆಲಸವನ್ನು ಮೊದಲು ಹಿಡಿಯುವುದು ಜಾಣತನ.

ಬಿಸಿಲಿನ ಪ್ರಶ್ನೆಯನ್ನು ಯಾರೇ ಎತ್ತಿದರೂ ನಾನು ತಳ್ಳಿಹಾಕುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಊರು ಇದು. ಆದರೆ ಬಿಸಿಲಿನಲ್ಲಿ ನಡೆಯುವವರಿಗೆ, ತುಳಿಯುವವರಿಗೆ ಬೇರೆ ಉಪಾಯ ಇದ್ದಿದ್ದರೆ ಅವರು ಈಗಾಗಲೇ ಅದನ್ನು ಹಿಡಿದಿರುತ್ತಿದ್ದರು. ಅವರಿಗೆ ಬೇಕಾದದ್ದು ನೆರಳು. 2016ರಿಂದ ಈ ಜಿಲ್ಲೆಯಲ್ಲಿ ಕೋಟಿ ವೃಕ್ಷ ಅಭಿಯಾನ ನಡೆದು ಬರಡು ನೆಲದಲ್ಲೂ ಗಿಡ ಉಳಿಸಬಹುದೆಂದು ತೋರಿಸಿದೆ. ಅದೇ ಬೇವು, ಹೊಂಗೆಯನ್ನು ಸೈಕಲ್ ದಾರಿಯ ಗುಂಟ ನೆಟ್ಟು, ಗಿಡದ ಖರ್ಚನ್ನು ದಾರಿಯ ಅಂದಾಜುಪಟ್ಟಿಯಲ್ಲೇ ಸೇರಿಸಬೇಕು.

ವ್ಯಾಪಾರಸ್ಥರ ಆತಂಕವೂ ಇದೆ. ಮಳಿಗೆಯ ಮುಂದೆ ಗಾಡಿ ನಿಲ್ಲಿಸಲು ಜಾಗ ಹೋದರೆ ಗಿರಾಕಿ ಬರುವುದಿಲ್ಲ ಎಂಬುದು ಅವರ ಮಾತು. ಓಣಿಯ ದಾರಿ ಮಾರುಕಟ್ಟೆ ಬೀದಿಯ ನಿಲುಗಡೆಯನ್ನು ಮುಟ್ಟುವುದೇ ಕಡಿಮೆ. ಬೀದಿ ವ್ಯಾಪಾರಿಗಳ ವಿಷಯ ಬೇರೆ. 2014ರ ಕಾಯ್ದೆ ಅವರಿಗೆ ಸಮೀಕ್ಷೆ, ಪ್ರಮಾಣಪತ್ರ, ಪಟ್ಟಣ ವ್ಯಾಪಾರ ಸಮಿತಿಯ ಮೂಲಕ ಜಾಗದ ಹಕ್ಕು ಕೊಟ್ಟಿದೆ. ಪಾದಚಾರಿಗಳ ಹೆಸರು ಹೇಳಿ ತಳ್ಳುಗಾಡಿಯವರನ್ನು ಓಡಿಸುವ ಯೋಜನೆಗೆ ನನ್ನ ಬೆಂಬಲವಿಲ್ಲ. ಬದಿಯಲ್ಲಿ ಹಣ್ಣು, ಹೂವು ಮಾರುವವರು ಕುಳಿತಿದ್ದರೆ ಸಂಜೆ ಕತ್ತಲಾದ ಮೇಲೂ ಹೆಣ್ಣುಮಕ್ಕಳು ಆ ಬೀದಿಯಲ್ಲಿ ಧೈರ್ಯವಾಗಿ ನಡೆಯುತ್ತಾರೆ.

ನಿಜವಾಗಿ ಕಷ್ಟದ ಸಂಗತಿ ಒಡೆತನದ್ದು. ಒಂದೇ ವೃತ್ತದಲ್ಲಿ ಒಂದು ತೋಳು ಲೋಕೋಪಯೋಗಿ ಇಲಾಖೆಯದು, ಇನ್ನೊಂದು ಪಾಲಿಕೆಯದು, ಮತ್ತೊಂದು ಹೆದ್ದಾರಿಯವರದು ಆಗಿರಬಹುದು. ಹೊಸ ಬಡಾವಣೆಯ ರಸ್ತೆ ಹಸ್ತಾಂತರವಾಗುವವರೆಗೆ ನಗರಾಭಿವೃದ್ಧಿ ಪ್ರಾಧಿಕಾರದ್ದು. ಬ್ಯಾರಿಕೇಡ್ ಇಡುವುದು ಸಂಚಾರ ಪೊಲೀಸರು. ಇವರೆಲ್ಲ ಒಂದೇ ಮೇಜಿಗೆ ಬರುವ ಜಾಗ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ. ಅಲ್ಲಿ ಹೆದ್ದಾರಿಯ ಕಪ್ಪುಚುಕ್ಕೆಗಳ ಜತೆಗೆ ಅಗಸಿಗಳ ಹೆಸರೂ ಕಾರ್ಯಸೂಚಿಗೆ ಬರಬೇಕು.

ಪಾಲಿಕೆಯ ಬಜೆಟ್‌ಗೆ ಮುನ್ನ ಸಾರ್ವಜನಿಕರ ಸಲಹೆ ಕೇಳುವ ಪೂರ್ವಭಾವಿ ಸಭೆ ನಡೆಯುತ್ತದೆ. 2026ರ ಏಪ್ರಿಲ್ 1ರಿಂದ 16ನೇ ಹಣಕಾಸು ಆಯೋಗದ ಐದು ವರ್ಷಗಳ ಲೆಕ್ಕವೂ ಹೊಸದು. ಆ ಸಭೆಗೆ ಮಾಸ್ತರರು, ಸೈಕ್ಲಿಂಗ್ ತರಬೇತುದಾರರು, ಹಮಾಲರ ಸಂಘದವರು, ಶಾಲೆಯ ಪಾಲಕರು ಕೂಡಿ ಹೋಗಬೇಕು. ಕೈಯಲ್ಲಿ ಮೂರು ಕಾಗದ ಸಾಕು. ಒಂದು, ಐರಾಡ್ ಚುಕ್ಕೆಗಳಿರುವ ವಾರ್ಡು ನಕ್ಷೆ. ಇನ್ನೊಂದು, ಗೋಳಗುಮ್ಮಟದಿಂದ ಇಬ್ರಾಹಿಂ ರೋಜಾದವರೆಗಿನ ಓಣಿ ದಾರಿಯ ಗೆರೆ. ಮೂರನೆಯದು ನಮ್ಮೆಲ್ಲರ ಕಪಾಟಿನಲ್ಲಿರುವ ತೆರಿಗೆ ರಸೀದಿ, ಶೇ 2ರ ಸಾಲಿಗೆ ಕೆಂಪು ಗೆರೆ ಎಳೆದದ್ದು.